ಎರಡು ತಪ್ಪುಗಳ ಲೆಕ್ಕ

ಮೂವತ್ತುನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ, ಈಗ ವಿಶ್ರಾಂತಿವೇತನದ ಮೇಲೆ ಮನೆಯಲ್ಲಿ ಕುಳಿತಿರುವ ನಮ್ಮಂಥವರು ಗಣಕಯಂತ್ರದ ವಿಷಯವಾಗಿ ಬರೆಯಹೊರಟರೆ ವಾಚಕರಿಗೆ ನಗು ಬರುವುದು ಸಹಜವೇ. ಶಬ್ದಮಂಜರಿಯನ್ನು ಬಾಯಿಪಾಠ ಮಾಡಿದವನಿಗೂ ಈ ವಿದ್ಯುದ್ಯಂತ್ರಕ್ಕೂ ಏನು ನಂಟು ಎಂದು ಅವರು ಕೇಳಬಹುದು. ಆದರೆ ಇಂದಿನ ದಿನ ಈ ಯಂತ್ರವಿಲ್ಲದ ಮನೆಗಳು ಕಡಮೆಯಾಗುತ್ತಿವೆ. ಮನೆಯೊಳಗೆ ಬಂದ ಮೇಲೆ ಅದು ಕೆಡುವುದೂ ಉಂಟು. ಕೆಟ್ಟಾಗ ಗೃಹಸ್ಥನು ಮಾಡುವ ತಪ್ಪುಗಳೂ ಉಂಟು. ನಾವು ಮಾಡಿದ ತಪ್ಪನ್ನು ಹೇಳಿಕೊಂಡರೆ ಮತ್ತೊಬ್ಬರಿಗೆ ಅದು ತಪ್ಪೀತು ಎಂಬ ಆಸೆಯಿಂದ ಇಷ್ಟನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮ ಅಣ್ಣಯ್ಯನವರ ವಿಚಾರವನ್ನು ತಿಳಿಸಬೇಕು. ಅವರಿಗೆ ಈಗ ಎಪ್ಪತ್ತೇಳು ವರ್ಷ. ನಮಗೆ ಒಂಬತ್ತು ತುಂಬುವಷ್ಟರಲ್ಲಿ ತಂದೆಯವರು ಕಾಲವಾದರು. ಅಂದಿನಿಂದ ಮನೆಯ ಭಾರವನ್ನು ಹೊತ್ತವರು ಅಣ್ಣಯ್ಯನವರೇ. ತಾಲ್ಲೂಕು ಖಜಾನೆಯಲ್ಲಿ ಲೆಕ್ಕದ ಗುಮಾಸ್ತರಾಗಿದ್ದು, ತಮ್ಮ ಓದನ್ನು ಅರ್ಧಕ್ಕೆ ಬಿಟ್ಟು, ನಮ್ಮ ಓದಿಗಾಗಿ ಮೈಸೂರಿಗೆ ತಿಂಗಳು ತಿಂಗಳೂ ಮನಿಯಾರ್ಡರು ಕಳುಹಿಸಿದವರು. ನಾವು ಹುಡುಗರಾಗಿದ್ದಾಗ ಸಂಜೆಯ ದೀಪ ಹಚ್ಚಿದ ಮೇಲೆ ಅವರ ಮುಂದೆ ಕುಳಿತು ಗಟ್ಟಿಯಾಗಿ ಓದಬೇಕಾಗಿತ್ತು. ಅವಸರದಲ್ಲಿ ಒಂದು ಪದ ಹಾರಿಸಿದರೆ, “ಅಕ್ಷರ ನುಂಗಬೇಡವೋ; ಇರುವುದನ್ನು ಇರುವ ಹಾಗೆ ಓದು” ಎನ್ನುತ್ತಿದ್ದರು. ಅವರು ಕೈ ಎತ್ತಿದವರಲ್ಲ. ಆ ಮಾತೇ ನಮಗೆ ಬೆತ್ತವಾಗಿತ್ತು.

ಅತ್ತಿಗೆಯವರು ತೀರಿಕೊಂಡ ಮೇಲೆ ಅವರು ನಮ್ಮಲ್ಲಿಗೇ ಬಂದರು. ಬಂದ ಎರಡನೆಯ ವರ್ಷದಲ್ಲಿ ಅವರ ದೃಷ್ಟಿ ಮಸಕಾಗತೊಡಗಿತು. ಕಣ್ಣಿನ ಹಿಂಭಾಗದ ಅಕ್ಷಿಪಟಲದ ನಡುವಣ ಭಾಗವು ವಯಸ್ಸಿನಿಂದ ಸವೆದಿದೆಯೆಂದೂ, ಹೋದ ದೃಷ್ಟಿ ಮರಳಲಾರದೆಂದೂ, ಅಕ್ಷರಗಳು ದೊಡ್ಡವಾಗಿಯೂ ಸ್ಪಷ್ಟವಾಗಿಯೂ ಇದ್ದರೆ ಓದಿಕೊಂಡಿರಬಹುದೆಂದೂ ವೈದ್ಯರು ಹೇಳಿದರು. ಅಚ್ಚಿನ ಪುಸ್ತಕ ಅವರ ಕೈಯಿಂದ ಜಾರಿತು. ಆಗ ನಮ್ಮ ಮಗ ತಾನು ಬಳಸಿ ಬಿಟ್ಟಿದ್ದ ಗಣಕಯಂತ್ರಕ್ಕೆ ಇಪ್ಪತ್ತನಾಲ್ಕು ಅಂಗುಲದ ಪರದೆಯೊಂದನ್ನು ಜೋಡಿಸಿ, ಅಕ್ಷರಗಳನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿ ಕೊಟ್ಟನು. ಮೊದಲ ದಿನ ಅಣ್ಣಯ್ಯನವರು ಅದರ ಮುಂದೆ ಕುಳಿತು ಗದುಗಿನ ಭಾರತದ ಒಂದು ಪುಟವನ್ನು ಓದಿ ಮುಗಿಸಿ, ಏನೂ ಹೇಳದೆ ಉತ್ತರೀಯದಿಂದ ಕಣ್ಣೊರೆಸಿಕೊಂಡರು. ಅಂದಿನಿಂದ ಬೆಳಿಗ್ಗೆ ಒಂದು ಗಂಟೆಯ ಕಾಲ ಅವರ ಓದು ತಪ್ಪಿದುದಿಲ್ಲ. ತಪ್ಪಿದ್ದು ಒಂದೇ ಸಲ, ನಾಲ್ಕು ದಿನ. ಅದಕ್ಕೆ ಕಾರಣರು ನಾವು.

ಆ ಯಂತ್ರದಲ್ಲಿ ನಮ್ಮ ಮಗ ಹಾಕಿಕೊಟ್ಟಿದ್ದುದು ಲಿನಕ್ಸ್ ಎಂಬ ವ್ಯವಸ್ಥೆ. ಇದು ಯಂತ್ರವಲ್ಲ, ಯಂತ್ರವನ್ನು ನಡೆಯಿಸುವ ತಂತ್ರ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಯಾರು ಬೇಕಾದರೂ ಓದಿ, ತಿದ್ದಿ, ಇತರರಿಗೆ ಹಂಚಬಹುದಾದ ತಂತ್ರಾಂಶಗಳನ್ನು ರಚಿಸುವ ಸಂಕಲ್ಪವನ್ನು ಪ್ರಕಟಿಸಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬಾತನು ಅಂಥ ವ್ಯವಸ್ಥೆಗೆ ಬೇಕಾದ ತಿರುಳನ್ನು ಬರೆದು ಲೋಕದ ಮುಂದಿಟ್ಟನು. 1993ರಲ್ಲಿ ಡೆಬಿಯನ್ ಎಂಬ ಸಂಗ್ರಹವೂ, ಅದರ ಆಧಾರದ ಮೇಲೆ 2004ರಲ್ಲಿ ಉಬುಂಟು ಎಂಬ ಸಂಗ್ರಹವೂ ಹುಟ್ಟಿದುವು. ನಮ್ಮ ಮನೆಯಲ್ಲಿರುವುದು 2022ರ ಏಪ್ರಿಲ್ ತಿಂಗಳಲ್ಲಿ ಹೊರಬಂದ ಉಬುಂಟು. ಕನ್ನಡದ ಅಕ್ಷರಗಳಿಗಾಗಿ ಗುಬ್ಬಿ, ನವಿಲು ಎಂಬ ಚೆಲುವಾದ ಹೆಸರಿನ ಅಕ್ಷರವಿನ್ಯಾಸಗಳೂ ಅದರ ಭಂಡಾರದಲ್ಲಿ ದೊರೆಯುತ್ತವೆ. ಮೂಲಕ್ಕೆ ಭಾಷ್ಯ, ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ ಎಂದು ತಲೆಮಾರುಗಳು ಸೇರಿ ಬೆಳೆಯಿಸಿದ ಶಾಸ್ತ್ರವನ್ನು ಓದಿದ ನಮಗೆ, ಒಬ್ಬರು ಬರೆದುದನ್ನು ಮತ್ತೊಬ್ಬರು ತಿದ್ದಿ ಮುಂದಿನವರಿಗೆ ಕೊಡುವ ಈ ಪದ್ಧತಿ ಅಪರಿಚಿತವೆಂದು ತೋರಲಿಲ್ಲ. ಕೊಟ್ಟಷ್ಟೂ ಮುಗಿಯದ ವಿದ್ಯೆಯ ಜಾತಿಗೇ ಸೇರಿದುದು ಇದು.

ಈ ವ್ಯವಸ್ಥೆಯಲ್ಲಿ ತಂತ್ರಾಂಶಗಳು ಪೊಟ್ಟಣಗಳ ರೂಪದಲ್ಲಿ ಬರುತ್ತವೆ. ಬಳಸುವವರು ಪ್ಯಾಕೇಜು ಎನ್ನುತ್ತಾರೆ. ಒಂದು ಪೊಟ್ಟಣದೊಳಗೆ ಒಂದು ಚೀಟಿ ಇರುತ್ತದೆ. ‘ನಾನು ಕೆಲಸ ಮಾಡಬೇಕಾದರೆ ಇಂಥಿಂಥ ಪೊಟ್ಟಣಗಳು ಜೊತೆಗಿರಬೇಕು, ಅವು ಇಂಥ ಆವೃತ್ತಿಗಿಂತ ಹಳೆಯವಾಗಿರಕೂಡದು’ ಎಂದು ಅದರಲ್ಲಿ ಬರೆದಿರುತ್ತದೆ. ಪದಗಳು ವಾಕ್ಯವಾಗಿ ಅರ್ಥವನ್ನು ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ನಮ್ಮ ತಾರ್ಕಿಕರು ಹೇಳಿದ್ದಾರೆ. ‘ತರುತ್ತಾನೆ’ ಎಂದಷ್ಟೇ ಹೇಳಿದರೆ ‘ಏನನ್ನು?’ ಎಂಬ ಆಕಾಂಕ್ಷೆ ಉಳಿಯುತ್ತದೆ. ‘ಬೆಂಕಿಯಿಂದ ನೆನೆಯಿಸುತ್ತಾನೆ’ ಎಂದರೆ ಪದಗಳೆಲ್ಲವೂ ಇದ್ದರೂ ಯೋಗ್ಯತೆಯಿಲ್ಲ. ಒಂದು ಪದವನ್ನು ಈಗಲೂ ಇನ್ನೊಂದನ್ನು ಒಂದು ಜಾವದ ಮೇಲೂ ಹೇಳಿದರೆ ಸನ್ನಿಧಿಯಿಲ್ಲ. ಪೊಟ್ಟಣಗಳ ವಿಷಯವೂ ಹೀಗೆಯೇ. ಒಂದು ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಬಯಸಿದ ಆವೃತ್ತಿಯೇ ಇರುವುದು ಯೋಗ್ಯತೆ. ಅದು ಕೈಗೆಟಕುವ ಭಂಡಾರದಲ್ಲಿರುವುದು ಸನ್ನಿಧಿ. ಈ ಮೂರನ್ನೂ ನೋಡಿ ಅಣಿಗೊಳಿಸಲು ಏಪ್ಟ್ ಎಂಬ ಕಾರ್ಯಕರ್ತನಿದ್ದಾನೆ. ಅವನ ಕೈಯಲ್ಲಿ ಭಂಡಾರದ ಪಟ್ಟಿಯಿರುತ್ತದೆ. 2023ರಲ್ಲಿ ಹೊರಬಂದ ಡೆಬಿಯನ್ನಿನ 12ನೆಯ ಆವೃತ್ತಿಯ ಭಂಡಾರದಲ್ಲಿಯೇ 64,000ಕ್ಕೂ ಹೆಚ್ಚು ಪೊಟ್ಟಣಗಳಿದ್ದುವೆಂದರೆ ಅದರ ವಿಸ್ತಾರವನ್ನು ಊಹಿಸಬಹುದು.

ಇಷ್ಟು ದೊಡ್ಡ ಭಂಡಾರವಿದ್ದರೂ ನಮಗೆ ತೃಪ್ತಿಯಾಗಲಿಲ್ಲ. ಪುಸ್ತಕಗಳನ್ನು ಓದುವ ತಂತ್ರಾಂಶವೊಂದು ಅಲ್ಲಿ ಇದ್ದಿತು. ಅಣ್ಣಯ್ಯನವರಿಗೆ ಅದು ಒಗ್ಗಿಯೂ ಇದ್ದಿತು. ಆದರೆ ಅದಕ್ಕಿಂತ ಹೊಸದೊಂದು ಬಂದಿದೆಯೆಂದು ಎಲ್ಲಿಯೋ ಓದಿ, ಅದರ ಪೊಟ್ಟಣವನ್ನು ಹೊರಗಿನಿಂದ ತಂದೆವು. ಅದು 2024ರ ಉಬುಂಟುವಿಗಾಗಿ ಕಟ್ಟಿದ ಪೊಟ್ಟಣವೆಂಬುದನ್ನು ಗಮನಿಸಲಿಲ್ಲ. ಏಪ್ಟ್ ಅದನ್ನು ಒಪ್ಪದೆ ಏನೋ ಹೇಳಿತು. ನಾವು ಆ ಮಾತನ್ನು ಪೂರ್ತಿ ಓದದೆ, ಅದಕ್ಕೂ ಕೆಳಗಿನ ಡಿಪಿಕೆಜಿ ಎಂಬ ಸೇವಕನಿಗೆ ನೇರವಾಗಿ ಅಪ್ಪಣೆಮಾಡಿದೆವು. ಈ ಸೇವಕನು ಪೊಟ್ಟಣವನ್ನು ಮೊದಲು ಬಿಚ್ಚಿ ಹರಡುತ್ತಾನೆ. ಬೇಕಾದ ಪರಿವಾರವಿದೆಯೋ ಇಲ್ಲವೋ ಎಂಬ ತಕರಾರನ್ನು ಆಮೇಲೆ ಎತ್ತುತ್ತಾನೆ. ಅವನು ಬಿಚ್ಚುತ್ತಿದ್ದ ಸಮಯಕ್ಕೆ ಸರಿಯಾಗಿ ಊರಿನ ವಿದ್ಯುತ್ತು ಹೋಯಿತು.

ಕತ್ತಲಲ್ಲಿ ನಾವು ಮೇಜಿನ ಕೆಳಗೆ ನುಗ್ಗಿ, ಎಲ್ಲಿಯಾದರೂ ತಂತಿ ಸಡಿಲವಾಗಿದೆಯೇ ಎಂದು ಒಂದೊಂದನ್ನೂ ಕಿತ್ತು ಮತ್ತೆ ಸಿಕ್ಕಿಸಿದೆವು. ಹಾಗೆ ಮಾಡಬೇಕಾದ ಅವಶ್ಯಕತೆ ಏನೂ ಇರಲಿಲ್ಲ. ಬೀದಿಯ ದೀಪಗಳೂ ಆರಿದ್ದುವು. ಆದರೆ ಕೈ ಕಟ್ಟಿ ಕುಳಿತುಕೊಳ್ಳುವುದು ನಮ್ಮ ಸ್ವಭಾವವಲ್ಲ.

ಮುಕ್ಕಾಲು ಗಂಟೆಯ ಮೇಲೆ ವಿದ್ಯುತ್ತು ಬಂದಿತು. ಯಂತ್ರವನ್ನು ಎಬ್ಬಿಸಿ ನೋಡಲಾಗಿ ಎರಡು ಅನರ್ಥಗಳು ಕಾಣಿಸಿದುವು. ಒಂದು, ಯಾವ ಹೊಸ ಪೊಟ್ಟಣವನ್ನು ಕೇಳಿದರೂ ಏಪ್ಟ್ ತಲೆಯಾಡಿಸಿ ನಿಲ್ಲುತ್ತಿತ್ತು. ಎರಡು, ಪರದೆಯ ಅಕ್ಷರಗಳೆಲ್ಲ ಅಡ್ಡಡ್ಡವಾಗಿ ಊದಿಕೊಂಡು ಮಂಜಿನಲ್ಲಿ ಅದ್ದಿದಂತೆ ಆಗಿದ್ದುವು. ಅಣ್ಣಯ್ಯನವರು ಮರುದಿನ ಬೆಳಿಗ್ಗೆ ಬಂದು ಕುಳಿತು, ಹತ್ತಿರ ಬಾಗಿ, ದೂರ ಸರಿದು, ಕೊನೆಗೆ, “ಇದು ಪಕಾರವೋ ಷಕಾರವೋ ತಿಳಿಯುವುದಿಲ್ಲ. ನನ್ನ ಕಣ್ಣು ಇಷ್ಟು ಬೇಗ ಹೋಯಿತೇ?” ಎಂದರು. ಕೆಟ್ಟಿರುವುದು ಕಣ್ಣಲ್ಲ, ಯಂತ್ರವೆಂದು ನಾವು ಎಷ್ಟು ಹೇಳಿದರೂ ಅವರು ನಂಬಿದಂತೆ ಕಾಣಲಿಲ್ಲ. ನಮ್ಮ ಸಮಾಧಾನಕ್ಕಾಗಿ ನಾವು ಸುಳ್ಳು ಹೇಳುತ್ತಿದ್ದೇವೆಂದೇ ಭಾವಿಸಿದರೆಂದು ತೋರುತ್ತದೆ. ಆ ದಿನ ಊಟಕ್ಕೆ ಕುಳಿತಾಗ ಅವರು ತಟ್ಟೆಯ ಅಂಚನ್ನು ಕೈಯಿಂದ ತಡವಿ ನೋಡಿದುದನ್ನು ಕಂಡು ನಮಗೆ ಅನ್ನ ಇಳಿಯಲಿಲ್ಲ.

ಮಗನು ಆ ವಾರ ಕೆಲಸದ ಮೇಲೆ ಹೊರದೇಶದಲ್ಲಿದ್ದನು. ದೂರವಾಣಿಯಲ್ಲಿ ಕೇಳಬಹುದಾಗಿತ್ತು. ಆದರೆ ಹೇಳಿದ ಮಾತು ಕೇಳದೆ ಹೊರಗಿನ ಪೊಟ್ಟಣವನ್ನು ತುರುಕಿದೆವೆಂದು ಒಪ್ಪಿಕೊಳ್ಳಲು ಅಭಿಮಾನ ಬಿಡಲಿಲ್ಲ. ನಾವೇ ಸರಿಮಾಡುತ್ತೇವೆಂದು ಹಟ ಹಿಡಿದೆವು.

ಹೊಸ ಪೊಟ್ಟಣ ಹಾಕಿದ ಮೇಲೆ ಪರದೆ ಕೆಟ್ಟಿತು. ಆದುದರಿಂದ ಪೊಟ್ಟಣವೇ ಪರದೆಯನ್ನು ಕೆಡಿಸಿತು. ಇದು ನಮ್ಮ ತರ್ಕ. ಕಾಗೆ ಕೂತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧ ಕಲ್ಪಿಸಬಾರದೆಂದು ಮೂವತ್ತುನಾಲ್ಕು ವರ್ಷ ಮಕ್ಕಳಿಗೆ ಕಾಕತಾಳೀಯ ನ್ಯಾಯವನ್ನು ಪಾಠ ಹೇಳಿದ ಬಾಯಿ ನಮ್ಮದೇ.

ಎರಡು ದಿನ ಪರದೆಯೊಡನೆ ಗುದ್ದಾಡಿದೆವು. ನಮ್ಮ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬೆಳಕಿನ ಚುಕ್ಕೆಗಳಿವೆ, ಒಟ್ಟು 20,73,600. ಯಂತ್ರವು ಈಗ ಅದಕ್ಕೆ ಕಳುಹಿಸುತ್ತಿದ್ದುದು ಅಡ್ಡಕ್ಕೆ 1024, ಉದ್ದಕ್ಕೆ 768. ಎಂದರೆ 7,86,432 ಚುಕ್ಕೆಗಳ ಚಿತ್ರ. ಚಿಕ್ಕ ಪಂಚೆಯನ್ನು ದೊಡ್ಡ ಮೈಗೆ ಎಳೆದು ಉಡಿಸಿದಂತೆ ಆ ಚಿತ್ರವನ್ನು ಪರದೆ ಹಿಗ್ಗಿಸಿ ತೋರಿಸುತ್ತಿತ್ತು. ವ್ಯವಸ್ಥೆಯ ಪಟ್ಟಿಯಲ್ಲಿ ದೊಡ್ಡ ಅಳತೆಯನ್ನು ಆರಿಸಲು ಹೋದರೆ ಅಂಥದೊಂದು ಇದೆಯೆಂಬುದನ್ನೇ ಅದು ಒಪ್ಪಲಿಲ್ಲ. ಕೊನೆಗೆ ಎಕ್ಸ್‌ರ್‍ಯಾಂಡರ್ ಎಂಬ ಉಪಕರಣದಿಂದ 1920×1080 ಎಂಬ ಅಳತೆಯನ್ನು ಕೈಯಾರೆ ಬರೆದು ಸೇರಿಸಿದೆವು. ಪರದೆ ಕೂಡಲೇ ತಿಳಿಯಾಯಿತು. ಆನಂದದಿಂದ ನಿದ್ರೆಹೋದೆವು. ಬೆಳಿಗ್ಗೆ ಎದ್ದು ಯಂತ್ರವನ್ನು ಎಬ್ಬಿಸಿದರೆ ಅದೇ ಮಂಜು. ಆ ಉಪಕರಣದಿಂದ ಮಾಡಿದ ಏರ್ಪಾಡು ಯಂತ್ರವನ್ನು ಆರಿಸಿದೊಡನೆ ಅಳಿಸಿಹೋಗುವಂಥದು. ಉಳಿಯಬೇಕಾದರೆ ಅದನ್ನು ಬೇರೊಂದು ಕಡತದಲ್ಲಿ ಬರೆದಿಡಬೇಕು. ಹಾಗೆ ಬರೆದಿಡಲು ಹೊರಟಾಗಲೇ ಅಣ್ಣಯ್ಯನವರು ಕುರ್ಚಿಯನ್ನು ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಅದು ನಾಲ್ಕನೆಯ ದಿನ.

“ಅದು ಏನು ಹೇಳುತ್ತದೆ?” ಎಂದರು.

“ಏನೋ ತಪ್ಪಾಗಿದೆ ಎನ್ನುತ್ತದೆ, ಅಣ್ಣಯ್ಯ.”

“ಏನೋ ಎಂದರೆ? ಓದು. ನನಗೆ ಕಾಣುವುದಿಲ್ಲ. ಅಕ್ಷರ ನುಂಗದೆ ಓದು.”

ಅರುವತ್ತೊಂದು ವರ್ಷದ ನಾವು ಒಂಬತ್ತು ವರ್ಷದ ಹುಡುಗನಾಗಿ ಗಟ್ಟಿಯಾಗಿ ಓದಿ, ಒಂದೊಂದು ಪದವನ್ನೂ ಬಿಡಿಸಿ ಕನ್ನಡದಲ್ಲಿ ಹೇಳಿದೆವು: ‘ಡಿಪಿಕೆಜಿಯ ಕೆಲಸ ನಡುವೆ ನಿಂತುಹೋಗಿದೆ. ಇದನ್ನು ಸರಿಪಡಿಸಲು ನೀವು ಈ ಮುಂದಿನ ಅಪ್ಪಣೆಯನ್ನು ಕೈಯಾರೆ ಕೊಡತಕ್ಕದ್ದು.’ ಅದರ ಮುಂದೆಯೇ ಆ ಅಪ್ಪಣೆಯನ್ನೂ ಸ್ಪಷ್ಟವಾಗಿ ಬರೆದಿತ್ತು. ರೋಗದ ಹೆಸರಿನ ಪಕ್ಕದಲ್ಲಿಯೇ ಔಷಧವನ್ನು ಬರೆದಿಟ್ಟಿದ್ದರೂ ಮೂರು ದಿನ ನಾವು ಅದನ್ನು ಓದಿರಲಿಲ್ಲ; ಕಂಡಿದ್ದೆವು ಅಷ್ಟೆ. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿರೆಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೆವೋ! ಅವರೆಲ್ಲರೂ ಆ ಹೊತ್ತಿನಲ್ಲಿ ನೆನಪಿಗೆ ಬಂದರು.

ಅದು ಹೇಳಿದಂತೆ ಮಾಡಿದೆವು. ನಿಂತ ಕೆಲಸ ಮುಂದುವರಿಯಿತು. ಆದರೆ ಹೊಸ ಪೊಟ್ಟಣದ ಬಳಿಗೆ ಬಂದು ಮತ್ತೆ ತಕರಾರು. ಅದನ್ನೂ ಗಟ್ಟಿಯಾಗಿ ಓದಿದೆವು. ಎಲ್ಲ ತಂತ್ರಾಂಶಗಳಿಗೂ ತಳಹದಿಯಾದ ಗ್ರಂಥಾಲಯವೊಂದರ 2.38ನೆಯ ಆವೃತ್ತಿಯನ್ನು ಅದು ಬಯಸುತ್ತಿತ್ತು. ನಮ್ಮ ಮನೆಯ ಉಬುಂಟುವಿನಲ್ಲಿ ಇದ್ದುದು 2.35. ಯೋಗ್ಯತೆಯಿಲ್ಲದ ವಾಕ್ಯ! ಮುರಿದುದನ್ನು ಸರಿಪಡಿಸೆಂದು ಏಪ್ಟಿಗೆ ಹೇಳಲಾಗಿ, ಅದು ಆ ಹೊಸ ಪೊಟ್ಟಣವನ್ನು ತೆಗೆದುಹಾಕುವುದಾಗಿ ಪಟ್ಟಿಯನ್ನು ತೋರಿಸಿ, ಆಗಬಹುದೇ ಎಂದು ಕೇಳಿತು. ಹೂಂ ಎನ್ನಲು ಕೈ ನೀಡಿದೆವು, ಅಣ್ಣಯ್ಯನವರು ತಡೆದರು. “ಪಟ್ಟಿಯಲ್ಲಿ ಇನ್ನೇನು ಇದೆ? ಎಷ್ಟು ಬಾಬ್ತು?” ಓದಿದೆವು. ಒಂದೇ ಬಾಬ್ತು. “ಹಾಗಾದರೆ ಆಗಲಿ” ಎಂದರು. ತೆಗೆಯುವ ಪಟ್ಟಿಯನ್ನು ಓದದೆ ಹೂಂಗುಟ್ಟಿ, ಪರದೆಯ ಮೇಲಿನ ವ್ಯವಸ್ಥೆಯನ್ನೇ ಕಳೆದುಕೊಂಡವರಿದ್ದಾರೆಂದು ಮಗನು ಆಮೇಲೆ ತಿಳಿಸಿದನು. ಖಜಾನೆಯ ಗುಮಾಸ್ತರು ಪಟ್ಟಿ ನೋಡದೆ ರುಜು ಹಾಕುವುದಿಲ್ಲ.

ಪೊಟ್ಟಣ ಹೋಯಿತು, ಏಪ್ಟ್ ಮೊದಲಿನಂತಾಯಿತು. ಆದರೆ ಪರದೆಯ ಮಂಜು ಹಾಗೆಯೇ ಉಳಿಯಿತು. ನಮ್ಮ ತರ್ಕದ ಪ್ರಕಾರ ಅದೂ ಹೋಗಬೇಕಾಗಿತ್ತಷ್ಟೆ. ನಾವು ಕೈಚೆಲ್ಲಿ ಕುಳಿತೆವು.

ಅಣ್ಣಯ್ಯನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಮ್ಮ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಮೊದಲು ಅದನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದೆವು. ನಿಶ್ಶೇಷವಾಗಿ ಭಾಗವಾದರೆ, ಎಲ್ಲಿಯೋ ಎರಡು ಅಂಕಿ ಅದಲುಬದಲಾಗಿರಬಹುದು. ಐವತ್ತನಾಲ್ಕನ್ನು ನಲವತ್ತೈದೆಂದು ಬರೆದ ಹಾಗೆ. ಒಂದು ಸಲ ಮಾರ್ಚಿ ತಿಂಗಳ ಕೊನೆಗೆ ಅಂಥ ಒಂದು ತಪ್ಪನ್ನು ಹುಡುಕುತ್ತ ಇಡೀ ರಾತ್ರಿ ಕಳೆದೆವು; ಸಿಕ್ಕಲಿಲ್ಲ. ಬೆಳಗಿನ ಜಾವ ನೋಡಿದರೆ ತಪ್ಪು ಒಂದಲ್ಲ, ಎರಡು. ಬೇರೆ ಬೇರೆ ಪುಟದಲ್ಲಿ, ಬೇರೆ ಬೇರೆ ಕೈಯವು. ಒಂದೇ ಎಂದುಕೊಂಡವನಿಗೆ ಎರಡೂ ಸಿಕ್ಕುವುದಿಲ್ಲ. ಆ ರಾತ್ರಿ ಪೊಟ್ಟಣವಲ್ಲದೆ ಇನ್ನೇನನ್ನು ಮುಟ್ಟಿದೆ?”

ಮೇಜಿನ ಕೆಳಗಿನ ತಂತಿಗಳ ನೆನಪು ಆಗ ಬಂದಿತು.

ಪರದೆಯ ತಂತಿಯ ತುದಿಯನ್ನು ಕಿತ್ತು ಬೆಳಕಿಗೆ ಹಿಡಿದೆವು. ನಮ್ಮದು ಹಳೆಯ ಕಾಲದ ವಿಜಿಎ ತಂತಿ. ಅದರ ತುದಿಯಲ್ಲಿ ಮೂರು ಸಾಲು ಸೂಜಿಗಳಿರುತ್ತವೆ. ಮೂರನೆಯ ಸಾಲಿನ ಸೂಜಿಯೊಂದು ಬಾಗಿ ಮಲಗಿತ್ತು. ಕತ್ತಲಲ್ಲಿ ನಾವು ಒತ್ತಿದ ಬಿರುಸಿಗೆ ಆದುದು ಅದು.

ಒಂದು ಸೂಜಿ ಬಾಗಿದರೆ ಅಕ್ಷರ ಮಸಕಾಗುವುದೇಕೆಂದು ವಾಚಕರು ಕೇಳಬಹುದು. ಹಿರಿಯರಿಗೆ ನಮಸ್ಕರಿಸುವಾಗ ವಟುವು ತನ್ನ ಗೋತ್ರ, ಸೂತ್ರ, ಶಾಖೆಗಳನ್ನು ಹೇಳಿ ಪ್ರವರ ಒಪ್ಪಿಸುತ್ತಾನಷ್ಟೆ. ಅದರಂತೆ ಪರದೆಯೂ ಯಂತ್ರದೊಡನೆ ಕೂಡಿದಾಗ ತನ್ನ ಪ್ರವರವನ್ನು ಹೇಳಿಕೊಳ್ಳುತ್ತದೆ: ತನ್ನನ್ನು ಮಾಡಿದವರು ಯಾರು, ತನ್ನ ಅಗಲ ಎಷ್ಟು, ತನಗೆ ಒಪ್ಪುವ ಅಳತೆಗಳು ಯಾವುವು ಎಂದು. ಇದಕ್ಕೆ ಎಡಿಡ್ ಎಂದು ಹೆಸರು; 1994ರಲ್ಲಿ ಇದರ ನಿಯಮಗಳು ಏರ್ಪಟ್ಟುವು; ಮೂಲಪ್ರವರವು 128 ಬೈಟುಗಳಷ್ಟು ಚಿಕ್ಕದು. ವಿಜಿಎ ತಂತಿಯಲ್ಲಿ ಚಿತ್ರದ ಬಣ್ಣಗಳು ಮೊದಲನೆಯ ಸಾಲಿನ ಸೂಜಿಗಳಿಂದ ಹೋಗುತ್ತವೆ; ಪ್ರವರವು ಮೂರನೆಯ ಸಾಲಿನ 12ನೆಯ ಮತ್ತು 15ನೆಯ ಸೂಜಿಗಳ ಮೂಲಕ ಬರುತ್ತದೆ. ಅವುಗಳಲ್ಲಿ ಒಂದು ಮಲಗಿದರೆ ಚಿತ್ರ ಕಾಣುತ್ತದೆ, ಪ್ರವರ ಕೇಳುವುದಿಲ್ಲ. ಗುರುತಿಲ್ಲದ ಅತಿಥಿಗೆ ಜಗಲಿಯಲ್ಲಿ ಚಾಪೆ ಹಾಕುವಂತೆ, ಯಂತ್ರವು ಆಗ ಎಲ್ಲ ಪರದೆಗಳಿಗೂ ಒಪ್ಪುವ 1024×768 ಎಂಬ ಅಳತೆಯನ್ನು ಕೊಟ್ಟು ಸುಮ್ಮನಾಗುತ್ತದೆ.

ಈ ಸಲ ನಾವು ಅವಸರಪಡಲಿಲ್ಲ. ಕಾರಣವನ್ನು ನಿಶ್ಚಯಿಸಲು ಶಾಸ್ತ್ರವು ಹೇಳುವ ಅನ್ವಯ ವ್ಯತಿರೇಕಗಳನ್ನು ನೋಡಿದೆವು. ನೆರೆಯವರಿಂದ ಒಳ್ಳೆಯ ತಂತಿಯೊಂದನ್ನು ತಂದು ಹಾಕಿದೆವು: ಮಂಜು ಹೋಯಿತು. ಹಳೆಯದನ್ನು ಹಾಕಿದೆವು: ಮಂಜು ಬಂದಿತು. ಮತ್ತೆ ಒಳ್ಳೆಯದನ್ನು ಹಾಕಿದೆವು: ಹೋಯಿತು. ಪೊಟ್ಟಣದ ತಲೆಯ ಮೇಲೆ ಹೊರಿಸಿದ್ದ ಅಪವಾದ ಅಲ್ಲಿಗೆ ಕಳೆಯಿತು. ಸಂಜೆ ಮುನ್ನೂರು ರೂಪಾಯಿ ಕೊಟ್ಟು ಹೊಸ ತಂತಿಯನ್ನು ತಂದೆವು.

ಆ ರಾತ್ರಿ ಮಗನಿಗೆ ಎಲ್ಲವನ್ನೂ ತಿಳಿಸಿದೆವು. ಅವನು ನಗಲಿಲ್ಲ. ಹೊಸ ತಂತ್ರಾಂಶವೇ ಬೇಕಿದ್ದರೆ ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎಂಬ ಬೇರೊಂದು ಬಗೆಯ ಪೊಟ್ಟಣಗಳಿವೆಯೆಂದನು. ಅವು ತಮಗೆ ಬೇಕಾದ ಪರಿವಾರವನ್ನು ಬಹುಮಟ್ಟಿಗೆ ತಾವೇ ಹೊತ್ತುಕೊಂಡು ಬರುತ್ತವೆ. ಪರಸ್ಥಳಕ್ಕೆ ಹೋದರೂ ತಮ್ಮ ಪಾತ್ರೆ, ತಮ್ಮ ಅಕ್ಕಿ, ತಮ್ಮ ನೀರು ಎಂದು ಕಟ್ಟಿಕೊಂಡು ಹೋಗುತ್ತಿದ್ದ ಹಳೆಯ ಕಾಲದ ಮಡಿವಂತರ ಸ್ವಭಾವ ಅವುಗಳದು. ಆದಕಾರಣ ಹೊರೆ ದೊಡ್ಡದು. ಜಾಗ ಹೆಚ್ಚು ಬೇಕು. ಆದರೆ ಮನೆಯ ಉಳಿದ ಅಡುಗೆಯನ್ನು ಅವು ಮುಟ್ಟುವುದಿಲ್ಲ. ಮಡಿಯ ತೊಡಕೂ ಉಂಟು: ಹೊರಗಿನಿಂದ ಜೋಡಿಸಿದ ಪೆನ್ ಡ್ರೈವಿನಲ್ಲಿದ್ದ ಪುಸ್ತಕವನ್ನು ನಮ್ಮ ಹೊಸ ಮಡಿವಂತನು ತೆರೆಯಲು ಒಪ್ಪಲಿಲ್ಲ, ಹಾಗೆ ಮುಟ್ಟಬಹುದೆಂದು ಪ್ರತ್ಯೇಕವಾಗಿ ಅನುಮತಿ ಕೊಡಬೇಕಾಯಿತು.

ಮನೆಯಲ್ಲಿ ವೃದ್ಧರಿರುವ ಗೃಹಸ್ಥರಿಗೆ ಇನ್ನೊಂದು ಮಾತನ್ನು ಹೇಳಿಬಿಡುತ್ತೇವೆ. ಅಕ್ಷರ ದೊಡ್ಡದಾಗಲೆಂದು ಪರದೆಯ ಅಳತೆಯನ್ನೇ ಚಿಕ್ಕದು ಮಾಡುವವರನ್ನು ನೋಡಿದ್ದೇವೆ. ಅದರಿಂದ ಅಕ್ಷರ ದೊಡ್ಡದಾಗುವುದು ನಿಜ. ಆದರೆ ಅಂಚು ಕರಗಿ, ಕನ್ನಡದ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕುಂದಿದ ಕಣ್ಣಿಗೆ ಗಾತ್ರದಷ್ಟೇ ಸ್ಪಷ್ಟತೆಯೂ ಬೇಕು. ಆದುದರಿಂದ ಪರದೆಗೆ ಸಹಜವಾದ ಅಳತೆಯನ್ನು ಹಾಗೆಯೇ ಬಿಟ್ಟು, ಅಕ್ಷರದ ಗಾತ್ರವನ್ನು ಮಾತ್ರ ಹಿಗ್ಗಿಸತಕ್ಕದ್ದು. ಉಬುಂಟುವಿನ ವ್ಯವಸ್ಥಾಪಟ್ಟಿಯಲ್ಲಿ ಇದಕ್ಕೆ ಬೇರೆಯ ಏರ್ಪಾಡೇ ಇದೆ.

ಮರುದಿನ ಬೆಳಿಗ್ಗೆ ಅಣ್ಣಯ್ಯನವರು ಪರದೆಯ ಮುಂದೆ ಕುಳಿತು ಮೊದಲು ಒಂದು ಅಕ್ಷರವನ್ನು ಬೆರಳಿನಿಂದ ತೋರಿಸಿ, “ಇದು ಷಕಾರ ತಾನೆ?” ಎಂದರು. ಹೌದೆಂದೆವು. “ಹಾಗಾದರೆ ಕಣ್ಣು ಇನ್ನೂ ಇದೆ” ಎಂದು ಹೇಳಿ ಓದತೊಡಗಿದರು. ನಾವು ಒಳಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತುಕೊಂಡೆವು. ನಾಲ್ಕು ದಿನ ಅವರು ಏನನ್ನು ಕಳೆದುಕೊಂಡೆವೆಂದು ತಿಳಿದಿದ್ದರೋ ಅದು ನಮಗೆ ಆಗ ಪೂರ್ತಿಯಾಗಿ ಅರ್ಥವಾಯಿತು.

ಇದು ನಡೆದು ಎಂಟು ತಿಂಗಳಾದುವು. ಹೋದ ತಿಂಗಳು ಅವರ ಮಾತಿನಂತೆ ಅಕ್ಷರದ ಗಾತ್ರವನ್ನು ಇನ್ನೊಂದು ಮಟ್ಟ ಏರಿಸಿದೆವು. ಈಗ ಪರದೆಯ ಮೇಲೆ ಐದೇ ಸಾಲುಗಳು ಹಿಡಿಸುತ್ತವೆ. ಮುಂದೊಂದು ದಿನ ನಾಲ್ಕಾದಾವು, ಮೂರಾದಾವು. ಈ ಸಲ ತಂತಿಯನ್ನು ಬದಲಾಯಿಸಿ ಸರಿಪಡಿಸತಕ್ಕ ದೋಷವಲ್ಲ ಅದು. ಅವರೂ ಅದನ್ನು ಬಲ್ಲರು. ಆದಕಾರಣ ಬೆಳಗಿನ ಒಂದು ಗಂಟೆಯಲ್ಲಿ ಅರ್ಧವನ್ನು ಅವರು ಓದುತ್ತಾರೆ; ಉಳಿದ ಅರ್ಧವನ್ನು ನಾವು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತೇವೆ. ನಡುನಡುವೆ ಅವರ ಎಚ್ಚರಿಕೆ ಈಗಲೂ ಬರುತ್ತದೆ. ಅಕ್ಷರ ನುಂಗದೆ ಓದಲು ನಾವು ಪ್ರಯತ್ನಿಸುತ್ತಿದ್ದೇವೆ.